ಎಡಗಣ್ಣಿನ ಸಂಜೆ

ಕಾಯಿಲೆಯ ಮೊದಲ ಲಕ್ಷಣ ಹೆಚ್ಚಿನವರಿಗೆ ಮೈಯಲ್ಲಿ ಎಲ್ಲಾದರೂ ಒಂದು ಕಡೆ ಕಾಣಿಸಿಕೊಳ್ಳುತ್ತದೆ. ನನ್ನದು ಉಡುಪಿಯ ಒಂದು ಸಭಾಂಗಣದ ಗೋಡೆಯಲ್ಲಿ, ಚೌಕಟ್ಟು ಸಮೇತ, ಟ್ಯೂಬ್‌ಲೈಟಿನ ಕೆಳಗೆ ಕಾಣಿಸಿಕೊಂಡಿತು. ಬಂದವರೆಲ್ಲ ಅದನ್ನು ನಿಂತು ನೋಡಿದರು. ಕೆಲವರು ಹೊಗಳಿದರು. ಒಬ್ಬರು ಅದರ ಬಗ್ಗೆ ಭಾಷಣವನ್ನೇ ಮಾಡಿದರು.

ನಾನು ಕೈಮುಗಿದೆ.

ಕಟಪಾಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದು ನಿವೃತ್ತನಾದವನು ನಾನು. ವಾಸ ಕಾಪುವಿನಲ್ಲಿ. ಮಕ್ಕಳಿಗೆ ನಾನು ಕಲಿಸಿದ್ದು ಬಹಳ ಇಲ್ಲ. ಬಾಳೆಹಣ್ಣಿನ ನೆರಳು ಯಾವ ಬದಿಗೆ ಬೀಳುತ್ತದೆ ಎಂದು ಕಲಿಸಿದೆ. ಬಣ್ಣದ ಟ್ಯೂಬಿನ ಕೆಂಪನ್ನು ಹಾಗೆಯೇ ಕಾಗದಕ್ಕೆ ಒತ್ತಬಾರದು ಎಂದು ಕಲಿಸಿದೆ. ಈ ಎರಡನೆಯ ಪಾಠವನ್ನು ಮೂವತ್ತು ವರ್ಷ ಬೆತ್ತದ ಸಹಾಯದಿಂದ ಪ್ರಚಾರ ಮಾಡಿದ್ದೇನೆ. ನಿವೃತ್ತಿಯ ಮೇಲೆ ಜಲವರ್ಣ ಬಿಟ್ಟು ತೈಲವರ್ಣಕ್ಕೆ ಹೋದೆ. ಆ ವಯಸ್ಸಿನಲ್ಲಿ ಕೆಲವರು ಕಾಶಿಗೆ ಹೋಗುತ್ತಾರೆ. ನನಗೆ ಅಷ್ಟು ದೂರ ಆಗುವುದಿಲ್ಲ.

ಆ ಗೋಡೆಯ ಚಿತ್ರಕ್ಕಿಂತ ಮೊದಲಿನ ಕಾಯಿಲೆ ಒಂದು ಉಂಟು. ಅದನ್ನು ಹೇಳದೆ ಇದು ಅರ್ಥವಾಗುವುದಿಲ್ಲ.

ಹೊಸ ಶತಮಾನ ಬಂತೆಂದು ಊರೆಲ್ಲ ಪಟಾಕಿ ಹೊಡೆದ ಆ ವರ್ಷ ನನಗೆ ಕೆಮ್ಮು ಬಂತು. ಹೋಗಲಿಲ್ಲ. ಸಂಜೆಯಾದರೆ ಸಣ್ಣ ಜ್ವರ. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗುತ್ತಾ ಹೋಯಿತು. ನನ್ನ ಹೆಂಡತಿ ವಸಂತಿ ಕಷಾಯಗಳ ಒಂದು ಸಂಪೂರ್ಣ ಸರಣಿಯನ್ನು ಮುಗಿಸಿ, ಕೊನೆಗೆ ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಎಕ್ಸ್‌ರೇ ತೆಗೆದರು. ಕಫ ಪರೀಕ್ಷೆ ಮಾಡಿದರು.

ಟಿ.ಬಿ.

ಡಾಕ್ಟರು ಚಿಕ್ಕ ಪ್ರಾಯದವರು, ಮೆತ್ತಗೆ ಮಾತನಾಡುವವರು. ಗುಣವಾಗುವ ಕಾಯಿಲೆ, ಮಾತ್ರೆ ಒಂದು ದಿನವೂ ತಪ್ಪಿಸಬಾರದು, ಬಿಸಿಲಿನಲ್ಲಿ ತಿರುಗಬಾರದು ಎಂದರು. ಆಮೇಲೆ ಎರಡು ಎಚ್ಚರಿಕೆ ಕೊಟ್ಟರು.

"ಮಾಸ್ಟ್ರೇ, ಈ ಒಂದು ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಹೆದರಬೇಡಿ. ಇನ್ನೊಂದು ಎಥಾಂಬ್ಯುಟಾಲ್. ಇದು ಅಪರೂಪಕ್ಕೆ ಕಣ್ಣಿಗೆ ತೊಂದರೆ ಕೊಡುತ್ತದೆ. ದೃಷ್ಟಿ ಮಂಜಾದರೆ, ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಕೂಡಲೇ ಬರಬೇಕು."

"ಬಣ್ಣದ ವಿಷಯ ನನಗೆ ಬಿಡಿ ಡಾಕ್ಟ್ರೇ," ಎಂದೆ. "ಅದು ನನ್ನ ಉದ್ಯೋಗ."

ಇಬ್ಬರೂ ನಕ್ಕೆವು. ವಸಂತಿ ನಗಲಿಲ್ಲ. ಅವಳು ಆಗಲೇ ನೆರೆಮನೆಯವರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಳು. "ಕಫ ಗಟ್ಟಿಯಾಗಿದೆಯಂತೆ" ಎಂಬ ವಾಕ್ಯವನ್ನು ಅವಳು ಬಸ್ಸಿನಲ್ಲೇ ಸಿದ್ಧಪಡಿಸಿದಳು. ಕೊನೆಯವರೆಗೂ ಅದೇ ಅಧಿಕೃತ ಹೇಳಿಕೆಯಾಗಿ ಉಳಿಯಿತು.

ಕಿತ್ತಳೆ ಬಣ್ಣ ಮರುದಿನವೇ ಬಂತು. ಬಚ್ಚಲಿನಲ್ಲಿ ನಿಂತು ಅದರ ಛಾಯೆಯನ್ನು ವೃತ್ತಿಪರವಾಗಿ ಪರಿಶೀಲಿಸಿದೆ. ಒಳ್ಳೆಯ, ಶುದ್ಧವಾದ ಕಿತ್ತಳೆ. ಅಂಥದ್ದು ಟ್ಯೂಬಿನಲ್ಲಿ ಸಿಗುವುದಿಲ್ಲ.

ಮನೆಯಲ್ಲೇ ಕೂತಿರಬೇಕಾಗಿ ಬಂದಾಗ ಚಿತ್ರಕ್ಕೆ ಕೈ ಹಾಕಿದೆ. ಕಾರ್ಕಳದಲ್ಲಿ ನನ್ನ ಗೆಳೆಯ ಜಿನರಾಜ ಇದ್ದಾನೆ. ಅವನೂ ಡ್ರಾಯಿಂಗ್ ಮಾಸ್ಟ್ರು, ನನ್ನ ಜೊತೆಗೇ ನಿವೃತ್ತನಾದವನು. ಜೈನರ ಮನೆ, ಹಾಗಾಗಿ ಸೂರ್ಯ ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಯಬೇಕು. ಅವನಲ್ಲಿಗೆ ಹೋದಾಗಲೆಲ್ಲ ಅದೊಂದು ಲಾಭ. ಬೇರೆಯವರು ಇನ್ನೂ ಸಂಜೆಯ ಚಹಾಕ್ಕೆ ನೀರಿಡುವ ಹೊತ್ತಿಗೆ ನಾವು ಉಂಡು ಕೈತೊಳೆದು, ಹೊಟ್ಟೆ ತುಂಬಿದವರ ನಿಧಾನದಲ್ಲಿ ಅವನ ಮನೆಯ ಹಿಂದಿನ ಬಂಡೆಯ ಬುಡಕ್ಕೆ ನಡೆದು ಹೋಗುತ್ತೇವೆ. ಕಾರ್ಕಳದಲ್ಲಿ ಬಂಡೆ ಎಂದರೆ ಜನ ಮೇಲೆ ನಿಂತ ಗೊಮ್ಮಟನನ್ನು ನೋಡುತ್ತಾರೆ. ಇದು ಯಾರೂ ನಿಲ್ಲದ ಬಂಡೆ. ಆನೆಯ ಬೆನ್ನಿನ ಹಾಗೆ ಕಪ್ಪು. ಅದರ ಪಕ್ಕದಲ್ಲಿ ಮುರಕಲ್ಲನ್ನು, ನಮ್ಮ ಕಡೆಯ ತೂತು ತೂತಾದ ಕೆಂಪು ಕಲ್ಲನ್ನು, ಕಡಿದು ಮಾಡಿದ ಒಂದು ಕೆಂಪು ದಾರಿ, ಆಚೆ ಗದ್ದೆ.

ಆ ದಾರಿಯ ಕೆಂಪನ್ನು ಮಾಡಬೇಕೆಂದು ನನಗೆ ಬಹಳ ದಿನದ ಆಸೆ. ಅದು ಕೂಗುವ ಕೆಂಪಲ್ಲ. ದಿನವಿಡೀ ಕಾದ ಮಣ್ಣು ತಣಿಯುವಾಗ ಬರುವ ಬಣ್ಣ, ಅಂಚಿನಲ್ಲಿ ಸ್ವಲ್ಪ ನೇರಳೆ, ನಡುವೆ ಬೆಲ್ಲದ ಪಾಕದ ಹಾಗೆ ಒಂದು ಹೊಳಪು. ಕಣ್ಣು ಮುಚ್ಚಿದರೆ ಅದು ನನಗೆ ಹಾಗೆಯೇ ಕಾಣುತ್ತಿತ್ತು. ನೆನಪಿನಿಂದಲೇ ಮಾಡುವುದೆಂದು ನಿರ್ಧರಿಸಿ ಜಗಲಿಯಲ್ಲಿ ಕ್ಯಾನ್ವಾಸ್ ನಿಲ್ಲಿಸಿದೆ.

ಬಣ್ಣ ಬರಲಿಲ್ಲ.

ಕಲಸಿದ್ದೆಲ್ಲ ಕೆಸರು. ಸ್ವಲ್ಪ ಕೆಂಪು ಸೇರಿಸಿದೆ. ಇನ್ನೂ ಕೆಸರು. ಮತ್ತೂ ಸೇರಿಸಿದೆ. ಬಣ್ಣದ ಕಂಪೆನಿಯವರು ಕಲಬೆರಕೆ ಮಾಡುತ್ತಿದ್ದಾರೆಂದು ನಿಶ್ಚಯವಾಯಿತು. ಕಾಲ ಕೆಟ್ಟಿದೆ, ಕೆಂಪಿನಲ್ಲೂ ಮೊದಲಿನ ಸತ್ವ ಇಲ್ಲ ಎಂದು ಒಬ್ಬನೇ ಕೂತು ಖಂಡನಾ ನಿರ್ಣಯ ಅಂಗೀಕರಿಸಿದೆ. ಹಸಿರಿನದ್ದೂ ಅದೇ ಹಣೆಬರಹ. ಕೊನೆಗೆ ಬ್ರಷ್ ಬಿಟ್ಟು, ಬಣ್ಣ ಕಲಸುವ ನೈಫಿನಿಂದ ದಪ್ಪ ದಪ್ಪವಾಗಿ ಮೆತ್ತಿದೆ. ತೆಳುವಾಗಿ ಬಳಿದರೆ ನಿಲ್ಲದ ಬಣ್ಣ ದಪ್ಪವಾಗಿ ಹಾಕಿದರೆ ನಿಂತೀತು ಎಂಬ ಲೆಕ್ಕ. ಮುರಕಲ್ಲಿನ ತೂತುಗಳು ಬರಲೆಂದು ನೈಫಿನ ತುದಿಯಿಂದ ಚುಚ್ಚಿದೆ. ಬಂಡೆಯ ಮೇಲೆ ಗೀರಿದೆ. ಹೀಗೆ ಬಣ್ಣದಲ್ಲಿ ಸಿಗದದ್ದನ್ನು ಕ್ಯಾನ್ವಾಸಿನ ಮೈಯಲ್ಲಿ ತರಲು ಹೊರಟು, ಒಂದು ದಿನ ಸಂಜೆ ಹಿಂದೆ ಸರಿದು ನೋಡಿದೆ. ಸರಿಯಾಗಿ ಬಂದಿತ್ತು. ಅದೇ ದಾರಿ, ಅದೇ ತಣಿಯುವ ಮಣ್ಣು.

ವಸಂತಿ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

"ಎಂತ?" ಎಂದೆ.

"ಎಂತ ಇಲ್ಲ. ಕಾಫಿ ತಣಿಯುತ್ತದೆ."

ನಮ್ಮ ದಾಂಪತ್ಯಕ್ಕೆ ಒಂದು ಸಂವಿಧಾನ ಉಂಟು. ಅವಳ ಸಾಂಬಾರಿನ ಬಗ್ಗೆ ನಾನು ಅಭಿಪ್ರಾಯ ಹೇಳಬಾರದು, ನನ್ನ ಚಿತ್ರದ ಬಗ್ಗೆ ಅವಳು ಹೇಳಬಾರದು. ಮದುವೆಯಾದ ವರ್ಷವೇ ಎರಡೂ ಕಡೆಯಿಂದ ಸಾಕಷ್ಟು ನಷ್ಟವಾದ ಮೇಲೆ ಜಾರಿಗೆ ಬಂದದ್ದು. ಅವಳು ಅದನ್ನು ಆ ದಿನವೂ ಪಾಲಿಸಿದಳು.

ಚಿತ್ರಕ್ಕೆ "ಶಾಂತ ಸಂಜೆ, ಕಾರ್ಕಳ" ಎಂದು ಹೆಸರಿಟ್ಟೆ. ನಮ್ಮಂಥ ನಿವೃತ್ತ ಡ್ರಾಯಿಂಗ್ ಮಾಸ್ಟ್ರುಗಳು ಸೇರಿ ಉಡುಪಿಯಲ್ಲಿ ಇಟ್ಟ ಪ್ರದರ್ಶನಕ್ಕೆ ಅದು ಹೋಯಿತು. ಉದ್ಘಾಟನೆಗೆ ಬಂದಿದ್ದ ಕಾಲೇಜು ಉಪನ್ಯಾಸಕರು ಉಳಿದ ಚಿತ್ರಗಳ ಮುಂದೆ ತಲೆಯಾಡಿಸಿ, ನನ್ನದರ ಮುಂದೆ ನಿಂತುಬಿಟ್ಟರು. ಅವರು ಮೈಕಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಇದು ಭೂಮಿಯ ರೋಷ, ಬಣ್ಣವೇ ಇಲ್ಲಿ ಭಾವ, ಮತ್ತು ಶೀರ್ಷಿಕೆಯ ವ್ಯಂಗ್ಯವನ್ನು ಪ್ರೇಕ್ಷಕರು ವಿಶೇಷವಾಗಿ ಗಮನಿಸಬೇಕು.

ವ್ಯಂಗ್ಯ ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಆದರೆ ಕಲಾವಿದನಿಗೆ ತಿಳಿಯದ್ದು ಅವನ ಚಿತ್ರದಲ್ಲಿ ಇರುತ್ತದೆ ಎಂದು ಕೇಳಿದ್ದೆ. ಗಂಭೀರವಾಗಿ ತಲೆ ತಗ್ಗಿಸಿದೆ.

ಜಿನರಾಜ ಪಕ್ಕಕ್ಕೆ ಎಳೆದ. "ಎಂತ ಮಾರಾಯ ಇದು? ನಮ್ಮ ದಾರಿಗೆ ಬೆಂಕಿ ಹಾಕಿದ್ದೀಯಲ್ಲ? ಟ್ಯೂಬ್ ಒಡೆದು ಬಿದ್ದಿತಾ?"

"ನಿನಗೆ ಹೊಟ್ಟೆಕಿಚ್ಚು," ಎಂದೆ.

"ಆಗಲಿ. ನಮ್ಮೂರಿನ ಬಂಡೆ, ನಮ್ಮಲ್ಲೇ ಇರಲಿ. ನನ್ನ ಗೋಡೆ ಖಾಲಿ ಉಂಟು," ಎಂದು ಪ್ರದರ್ಶನ ಮುಗಿದ ದಿನ ತನ್ನ ಕಾರಿನಲ್ಲಿ ಹಾಕಿಕೊಂಡು ಹೋದ.

ಅದೇ ದಿನಗಳಲ್ಲಿ ಇನ್ನೊಂದು ಶುಭ ಸಮಾಚಾರ. ಬಚ್ಚಲಿನಲ್ಲಿ ಕಿತ್ತಳೆ ಹೋಗಿತ್ತು. ಬರೀ ಮಾಸಲು ಹಳದಿ. ಮದ್ದಿನ ಕಾವು ಇಳಿಯಿತು, ರೋಗ ಹೊರಟಿತು ಎಂದುಕೊಂಡೆ. ಪೇಪರಿನ ಅಕ್ಷರ ಸ್ವಲ್ಪ ಮಸುಕಾಗುತ್ತಿತ್ತು, ನಿಜ. ಅದಕ್ಕೆ ಕನ್ನಡಕ ಹಳೆಯದಾದದ್ದು ಕಾರಣ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರು ಎಕ್ಸ್‌ರೇ ನೋಡಿ ಶ್ವಾಸಕೋಶ ಚೆನ್ನಾಗಿ ಸುಧಾರಿಸಿದೆ ಎಂದರು. ನಾನೂ ನನ್ನ ಪಾಲಿನ ವರದಿ ಒಪ್ಪಿಸಿದೆ.

"ಕಿತ್ತಳೆ ಬಣ್ಣವೂ ಹೋಯಿತು ಡಾಕ್ಟ್ರೇ."

ಅವರು ಬರೆಯುವುದನ್ನು ನಿಲ್ಲಿಸಿದರು. "ಮಾತ್ರೆ ತಪ್ಪಿಸುತ್ತಿದ್ದೀರಾ?"

"ಇಲ್ಲವೇ ಇಲ್ಲ," ಎಂದಳು ವಸಂತಿ. "ನಾನೇ ಎದುರು ನಿಂತು ಕೊಡುವುದು."

"ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಆ ಬಣ್ಣ ಹೋಗಬಾರದು." ಅವರು ಮೇಜಿನ ಮೇಲಿದ್ದ ಒಂದು ಫೈಲು ಎತ್ತಿ ಹಿಡಿದರು. "ಮಾಸ್ಟ್ರೇ, ಇದು ಯಾವ ಬಣ್ಣ?"

"ಕಂದು," ಎಂದೆ. "ಸ್ವಲ್ಪ ಬೂದು ಬೆರೆತ ಕಂದು." ಕೇಳದೆಯೇ ವಿವರ ಕೊಡುವುದು ಮೇಷ್ಟ್ರ ಚಾಳಿ.

ನಾನು ವಸಂತಿಯ ಕಡೆ ನೋಡಿದೆ. ಅವಳು ಫೈಲನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಕೆಂಪು," ಎಂದಳು. "ಅದು ಕೆಂಪು."

ಅಲ್ಲಿಂದ ನೇರ ಕಣ್ಣಿನ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ಬಣ್ಣದ ಚುಕ್ಕೆಗಳ ಒಂದು ಪುಸ್ತಕ ತೋರಿಸುತ್ತಾರೆ. ಪ್ರತಿ ಪುಟದ ಚುಕ್ಕೆಗಳ ನಡುವೆ ಒಂದು ಅಂಕಿ ಅಡಗಿರುತ್ತದೆ. ನನಗಿಂತ ಮೊದಲು ಕೂತಿದ್ದ ಒಬ್ಬಳು ಪುಟ್ಟ ಹುಡುಗಿ ಮಗ್ಗಿ ಒಪ್ಪಿಸುವ ಹಾಗೆ ಪಟಪಟ ಓದಿದಳು. ನನಗೆ ಚುಕ್ಕೆಗಳು ಕಂಡವು. ಬರೀ ಚುಕ್ಕೆಗಳು.

ಎಥಾಂಬ್ಯುಟಾಲ್ ಆ ದಿನವೇ ನಿಲ್ಲಿಸಿದರು. ಉಳಿದ ಮಾತ್ರೆಗಳು ಮುಂದುವರಿದವು. ಕಣ್ಣಿನ ನರಕ್ಕೆ ಪೆಟ್ಟಾಗಿದೆ, ಇದಕ್ಕೆ ಬೇರೆ ಮದ್ದಿಲ್ಲ, ಕಾಯಬೇಕು ಎಂದರು ಕಣ್ಣಿನ ಡಾಕ್ಟರು.

"ವಾಪಸು ಬರುತ್ತದಾ?" ಎಂದು ವಸಂತಿ ಕೇಳಿದಳು.

"ಹೆಚ್ಚಿನವರಿಗೆ ಬರುತ್ತದೆ ಅಮ್ಮ. ತಿಂಗಳುಗಟ್ಟಲೆ ಹಿಡಿಯುತ್ತದೆ. ಪೂರ್ತಿ ಬರುತ್ತದೆಂದು ಈಗಲೇ ಹೇಳುವುದು ಕಷ್ಟ."

ಬಸ್ಸು ಹತ್ತಿ ಮನೆಗೆ ಹೊರಟೆವು. ಕಟಪಾಡಿಯಲ್ಲಿ ಬಸ್ಸು ನಿಂತಿತು. ಶಂಕರಪುರದ ಮಲ್ಲಿಗೆ ಹಿಡಿದ ಹೆಂಗಸರು ಹತ್ತಿದರು. ಮಲ್ಲಿಗೆ ಬಿಳಿಯಾಗಿಯೇ ಇತ್ತು. ಅದನ್ನೇ ನೋಡುತ್ತಾ ಕೂತೆ. ಬಸ್ಸು ಹೊರಟ ಮೇಲೆ ವಸಂತಿ ಮೆಲ್ಲಗೆ ಕೇಳಿದಳು:

"ಹಾಗಾದರೆ ಆ ಚಿತ್ರ?"

ಅಲ್ಲಿಯವರೆಗೆ ನನಗೆ ಅದು ಹೊಳೆದಿರಲಿಲ್ಲ.

ಭೂಮಿಯ ರೋಷವೂ ಶೀರ್ಷಿಕೆಯ ವ್ಯಂಗ್ಯವೂ ಮಾತ್ರೆಯದು. ನಾನು ಕೈಮುಗಿದು ಸ್ವೀಕರಿಸಿದ ಹೊಗಳಿಕೆ ನ್ಯಾಯವಾಗಿ ಮದ್ದಿನಂಗಡಿಗೆ ಸಲ್ಲಬೇಕಾದದ್ದು. ಜಿನರಾಜನಿಗೆ ಹೊಟ್ಟೆಕಿಚ್ಚು ಇರಲಿಲ್ಲ, ಅವನಿಗೆ ಕಣ್ಣಿತ್ತು.

"ನಿನಗೆ ಅವತ್ತೇ ಕಂಡಿತಾ?"

"ಕಾಣದೆ ಎಂತ? ಜಗಲಿಗೇ ಬೆಂಕಿ ಬಿದ್ದ ಹಾಗಿತ್ತು. ಬಾಯಿಯವರೆಗೆ ಬಂತು. ಆದರೆ ನೀವು ಚಿತ್ರದ ವಿಷಯ ಹೇಳಬಾರದು ಅಂತೀರಲ್ಲ. ಇದು ಎಂತದೋ ಹೊಸ ನಮೂನೆ ಅಂತ ಎಣಿಸಿದೆ." ಕಿಟಕಿಯ ಕಡೆ ತಿರುಗಿದಳು. "ಇನ್ನು ನಾನು ಹೇಳುವವಳೇ. ನೀವು ಸಾಂಬಾರಿಗೆ ಎಂತ ಬೇಕಾದರೂ ಹೇಳಿ."

ಹೀಗೆ ಸಂವಿಧಾನ ತಿದ್ದುಪಡಿಯಾಯಿತು.

ಮನೆಯಲ್ಲಿ ಕೂತು ಬಹಳ ಯೋಚಿಸಿದೆ. ಬೇರೆ ಕೆಲಸವೂ ಇರಲಿಲ್ಲ. ಆ ಬಂಡೆಯ ಎದುರಿಗೇ ಕೂತು ಚಿತ್ರ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ದಾರಿಯೂ ಮಾಸಿ ಕಾಣುತ್ತಿತ್ತು, ಬಣ್ಣವೂ ಮಾಸಿ ಕಾಣುತ್ತಿತ್ತು. ಎರಡನ್ನೂ ಅದೇ ಕಣ್ಣಿನಿಂದ ಹೋಲಿಸಿ ಬಳಿದಿದ್ದರೆ ಚಿತ್ರ ಬೇರೆಯವರಿಗೆ ಸರಿಯಾಗಿಯೇ ಕಾಣುತ್ತಿತ್ತು. ಆದರೆ ನಾನು ಹೋಲಿಸಿದ್ದು ನೆನಪಿನ ಜೊತೆ. ನೆನಪಿನೊಳಗಿನ ಕೆಂಪಿಗೆ ಯಾವ ಮಾತ್ರೆಯೂ ತಾಗಿರಲಿಲ್ಲ. ಅದನ್ನು ಮುಟ್ಟುವುದಕ್ಕೆ ನನ್ನ ಬಡಕಲು ಕಣ್ಣು ಟ್ಯೂಬಿನ ಮೇಲೆ ಟ್ಯೂಬು ಖಾಲಿ ಮಾಡಿತು. ಒಟ್ಟಿನಲ್ಲಿ ಆ ಚಿತ್ರವನ್ನು ಉಡುಪಿಯ ಜನರೆಲ್ಲ ನೋಡಿದ್ದರು. ನೋಡದೆ ಉಳಿದವನು ನಾನೊಬ್ಬನೇ.

ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ವಾರ ಕಣ್ಣು ಕೆಡುತ್ತಲೇ ಹೋಯಿತು. ಓದುವ ಸಾಲಿನ ನಡುವಿನ ಪದ ಮಾಯ. ಎದುರಿಗೆ ಬಂದವರ ಮುಖದ ನಡುಭಾಗ ಮಾಯ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಮುಖ ಬರುತ್ತಿತ್ತು, ಹಾಗಾಗಿ ನಾನು ಎಲ್ಲರ ಕಿವಿಯನ್ನು ನೋಡಿ ಮಾತನಾಡುವವನಾದೆ. ವಸಂತಿಯ ಹಣೆಯ ಬೊಟ್ಟು ಕಪ್ಪಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಕಾಪುವಿನ ಕಡಲಿನ ಬದಿಗೆ ಅವಳು ಕೈಹಿಡಿದು ಕರೆದುಕೊಂಡು ಹೋದರೆ, ಮುಳುಗುವ ಸೂರ್ಯ ಬೂದಿಯ ಒಂದು ಉಂಡೆಯ ಹಾಗೆ ನೀರಿಗೆ ಇಳಿಯುತ್ತಿತ್ತು. ಸುತ್ತಲೂ ಜನ ಆಹಾ ಎನ್ನುತ್ತಿದ್ದರು. ಹೆದರಿಕೆ ಆಗಿತ್ತಾ ಎಂದರೆ, ಆಗಿತ್ತು. ಜೀವದ ಹೆದರಿಕೆಯಲ್ಲ. ಟಿ.ಬಿ.ಗೆ ಸಹ ನಾನು ಅಷ್ಟು ಹೆದರಿರಲಿಲ್ಲ. ಒಂದು ದಿನ ನೆನಪಿನ ಕೆಂಪೂ ಹೋಗಿಬಿಟ್ಟರೆ, ಹೋದದ್ದು ನನಗೆ ಗೊತ್ತಾಗುವುದಾದರೂ ಹೇಗೆ ಎಂಬ ಹೆದರಿಕೆ.

ವಸಂತಿ ಪರೀಕ್ಷೆ ಇಡಲು ಸುರು ಮಾಡಿದಳು. ಬೆಳಿಗ್ಗೆ ಕಾಫಿಯ ಜೊತೆ ಎರಡು ಮೆಣಸು ತಂದಿಡುವುದು.

"ಕೆಂಪು ಯಾವುದು?"

"ಇದು."

"ಸರಿ!" ಎಂದು ಮೊದಲ ದಿನ ಹಿಗ್ಗಿದಳು. ಮೂರನೆಯ ದಿನ ಅನುಮಾನ ಬಂತು. "ಒಣಮೆಣಸು ಸುಕ್ಕಾಗಿರುತ್ತದೆ, ನೀವು ಅದನ್ನು ನೋಡಿ ಹೇಳುತ್ತಿದ್ದೀರಿ, ಅಲ್ವಾ?"

ಸಿಕ್ಕಿಬಿದ್ದೆ. ಮೂವತ್ತು ವರ್ಷ ಕಾಪಿ ಹೊಡೆಯುವವರನ್ನು ಹಿಡಿದವನು ಅಡುಗೆಮನೆಯಲ್ಲಿ ಸಿಕ್ಕಿಬಿದ್ದೆ. ಮರುದಿನದಿಂದ ಅವಳು ಹೊಲಿಗೆಯ ಡಬ್ಬಿಯಿಂದ ನೂಲಿನ ರೀಲುಗಳನ್ನು ತಂದಳು. ಎಲ್ಲದರ ಮೈಯೂ ಒಂದೇ, ದಪ್ಪವೂ ಒಂದೇ. ನಾನು ಸೋಲುತ್ತಾ ಹೋದೆ. ಬೈಯದೆ ಎತ್ತಿಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಮಾವಿನ ಹೂವಿನ ಕಾಲ ಮುಗಿದು ಹಲಸು ಬರುವ ಹೊತ್ತು. ಒಂದು ಬೆಳಿಗ್ಗೆ ಒಂದು ರೀಲು ಮಾತ್ರ ಉಳಿದವುಗಳಿಂದ ಸ್ವಲ್ಪ ಹೊರಗೆ ಬಂದು ಕೂತಂತೆ ಕಂಡಿತು.

"ಇದು."

"ಹೇಗೆ ಗೊತ್ತಾಯಿತು?" ಅವಳ ಧ್ವನಿಯಲ್ಲಿ ಪರೀಕ್ಷಕರ ಬಿಗಿ.

"ಕಾಣುತ್ತದೆ."

ರೀಲುಗಳನ್ನು ಬದಲಿಸಿ ಇನ್ನೊಮ್ಮೆ ಇಟ್ಟಳು. ಮತ್ತೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಯಾಕೆಂದು ತಿಳಿಯದ ಪಾತ್ರೆಗಳ ಸದ್ದು ಸ್ವಲ್ಪ ಹೊತ್ತು ಕೇಳಿತು. ಹೊರಗೆ ಬಂದಾಗ ಅವಳ ಹಣೆಯ ಬೊಟ್ಟು ನೋಡಿದೆ. ಕಪ್ಪಲ್ಲ. ಕೆಂಪು ಎಂದು ಹೇಳಲು ಧೈರ್ಯ ಸಾಲದು, ಆದರೆ ಕಪ್ಪಲ್ಲ.

ಬಲಗಣ್ಣು ಮೊದಲು ಸುಧಾರಿಸಿತು. ಚುಕ್ಕೆಗಳ ಪುಸ್ತಕದಲ್ಲಿ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಎಡಗಣ್ಣಿಗೆ ಅಕ್ಷರ ಬಂತು, ಬಣ್ಣ ಹಿಂದೆ ಉಳಿಯಿತು. ಇನ್ನೂ ಕಾಯೋಣ ಎಂದರು ಡಾಕ್ಟರು. ಅಷ್ಟರಲ್ಲಿ ಟಿ.ಬಿ.ಯ ಮಾತ್ರೆಗಳೂ ಮುಗಿದವು. ಕಿತ್ತಳೆ ಬಣ್ಣ ಈ ಸಲ ನಿಜವಾಗಿ ಹೋಯಿತು. ವಸಂತಿ ನಂಬಲಿಲ್ಲ, ಡಾಕ್ಟರನ್ನು ಕೇಳಿ ಖಚಿತಪಡಿಸಿಕೊಂಡಳು.

ತಿರುಗಾಡಲು ಅನುಮತಿ ಸಿಕ್ಕಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಬಣ್ಣದ ಪೆಟ್ಟಿಗೆ ಕಟ್ಟಿದ್ದು. ಕಾರ್ಕಳಕ್ಕೆ ಹೋಗಿ ಆ ಚಿತ್ರವನ್ನು ಸರಿಮಾಡಬೇಕು. ಮಕ್ಕಳಿಗೆ ಬೆತ್ತ ತೋರಿಸಿದವನ ಹೆಸರು ಮೂಲೆಯಲ್ಲಿ ಇರುವಾಗ ಟ್ಯೂಬಿನ ಕೆಂಪು ಹಾಗೆಯೇ ಗೋಡೆಯ ಮೇಲೆ ತೂಗಬಾರದು. ಪಡುಬಿದ್ರೆಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಹೋದೆವು.

ಜಿನರಾಜ ಪೆಟ್ಟಿಗೆ ನೋಡಿದ. "ಇದೆಂತ?"

"ಆಪರೇಶನ್‌ಗೆ."

"ಮೊದಲು ಊಟ. ಹೊತ್ತು ಮುಳುಗುತ್ತದೆ."

ಉಂಡೆವು. ಕೈತೊಳೆದು ಅವನ ಚಾವಡಿಗೆ ಬಂದೆ. ಪಶ್ಚಿಮದ ಕಿಟಕಿಯಿಂದ ಬೆಳಕು ಓರೆಯಾಗಿ ಗೋಡೆಗೆ ಬೀಳುತ್ತಿತ್ತು. ತಲೆ ಎತ್ತಿದೆ.

ಇದು ನಾನು ಮಾಡಿದ್ದಲ್ಲ.

ದಾರಿ ಹಸಿ ಗಾಯದ ಹಾಗೆ ತೆರೆದುಕೊಂಡಿತ್ತು. ಗದ್ದೆ ಗಿಳಿಯ ಹಸಿರು. ಕಪ್ಪು ಬಂಡೆ ಆ ಎರಡರ ನಡುವೆ ಉಸಿರು ಬಿಗಿಹಿಡಿದು ಕೂತಿತ್ತು. ಓರೆಯ ಬೆಳಕಿನಲ್ಲಿ ನೈಫಿನ ಪ್ರತಿಯೊಂದು ಏಟೂ ನೆರಳು ಚೆಲ್ಲಿ ಎದ್ದು ನಿಂತಿತ್ತು. ಹತ್ತಿರ ಹೋಗಿ ಬೆರಳಿಟ್ಟೆ. ಮುರಕಲ್ಲಿನ ಹಾಗೆಯೇ ತರಿ ತರಿ. ಬೆರಳಿಗೆ ಅದು ನನ್ನದೇ ಎಂದು ಗೊತ್ತಾಯಿತು, ಕಣ್ಣಿಗೆ ಆಗಲಿಲ್ಲ. ಉಪನ್ಯಾಸಕರು ಸುಳ್ಳು ಹೇಳಿರಲಿಲ್ಲ. ಅಲ್ಲಿ ರೋಷ ಇತ್ತು. ಅದು ಯಾರದ್ದೆಂದು ಮಾತ್ರ ನನಗೆ ಗೊತ್ತಿಲ್ಲ. ಮಾತ್ರೆಯದೋ, ಬಣ್ಣ ಸಿಗದೆ ನೈಫು ಹಿಡಿದವನದೋ.

"ನಾನು ಅವತ್ತೇ ಹೇಳಿದ್ದೆ," ಎಂದ ಜಿನರಾಜ. "ನೋಡಿ ನೋಡಿ ಈಗ ನನಗೆ ಅಭ್ಯಾಸವಾಗಿದೆ. ಮುಟ್ಟಬೇಡ ಮಾರಾಯ."

"ಹೆಸರು ನನ್ನದು."

"ಗೋಡೆ ನನ್ನದು."

ನಾನು ಪೆಟ್ಟಿಗೆ ತೆರೆದೆ. ಟರ್ಪೆಂಟೈನಿನ ವಾಸನೆಗೆ ಬಲಗಣ್ಣಿನಲ್ಲಿ ನೀರು ಬಂತು. ಕೈಯ ಹಿಂಬದಿಯಿಂದ ಅದನ್ನು ಒತ್ತಿ ಹಿಡಿದುಕೊಂಡೆ.

ಆಗ ಕಂಡಿತು.

ಎಡಗಣ್ಣಿಗೆ ಬೆಂಕಿ ಇರಲಿಲ್ಲ. ದಿನವಿಡೀ ಕಾದು ತಣಿಯುತ್ತಿರುವ ಮಣ್ಣು. ಅಂಚಿನಲ್ಲಿ ಸ್ವಲ್ಪ ನೇರಳೆ. ಉಂಡವರು ಇಬ್ಬರು ಇನ್ನೇನು ನಡೆದುಕೊಂಡು ಬಂದಾರು ಎನ್ನುವ ಹಾಗೆ ಖಾಲಿಯಾಗಿ, ಮೆತ್ತಗೆ ಬಿದ್ದುಕೊಂಡ ದಾರಿ. ಜಗಲಿಯಲ್ಲಿ ಹಿಂದೆ ಸರಿದು ನಿಂತು ನೋಡಿದ ಆ ಸಂಜೆ, ಒಂದು ಚೂರೂ ಆಚೀಚೆ ಆಗದೆ, ಅಲ್ಲೇ ಇತ್ತು.

ಬಲಗಣ್ಣು ತೆರೆದೆ. ಬೆಂಕಿ. ಮುಚ್ಚಿದೆ. ಸಂಜೆ.

"ಎಂತ ಮಾಡುತ್ತಿದ್ದೀರಿ?" ವಸಂತಿಗೆ ಗಾಬರಿ. "ಕಣ್ಣಿಗೆ ಎಂತ ಆಯಿತು?"

ಹೇಳಿದೆ. ಅವಳು ಕೂಡಲೇ ತನ್ನ ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಇನ್ನೊಂದು.

"ನನಗೆ ಎರಡರಲ್ಲೂ ಬೆಂಕಿಯೇ."

ಜಿನರಾಜನೂ ಮುಚ್ಚಿ ನೋಡಿದ. ಮೂರು ಜನ ಪ್ರಾಯಸ್ಥರು ಒಂದು ಚಿತ್ರದ ಮುಂದೆ ನಿಂತು ಅದಕ್ಕೆ ಕಣ್ಣು ಹೊಡೆಯುತ್ತಿದ್ದದ್ದನ್ನು ಬೇರೆ ಯಾರೂ ನೋಡಲಿಲ್ಲ ಎಂಬುದು ನಮ್ಮ ಪುಣ್ಯ.

ಪೆಟ್ಟಿಗೆ ಮುಚ್ಚಿದೆ.

"ಸರಿ ಮಾಡುವುದಿಲ್ಲವಾ?" ಎಂದಳು.

"ಸರಿಯಾಗಿಯೇ ಉಂಟು."

ಬೆಳಕು ಇನ್ನೂ ಇತ್ತು. ಮೂವರೂ ಬಂಡೆಯ ಬುಡಕ್ಕೆ ಹೋದೆವು. ನಿಜವಾದ ದಾರಿಯನ್ನು ಬಲಗಣ್ಣಿನಿಂದ ನೋಡಿದೆ. ಕೆಂಪಾಗಿತ್ತು. ನೆನಪಿನಲ್ಲಿ ಇದ್ದಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರಿಗೆ ಕೃತಜ್ಞತೆ ಹೇಳುವುದೆಂದು ತಿಳಿಯದೆ ವಸಂತಿಯ ಕಡೆ ತಿರುಗಿ, ನಿನ್ನೆಯ ಸಾಂಬಾರು ಚೆನ್ನಾಗಿತ್ತು ಎಂದೆ. ಅವಳು ಉಪ್ಪು ಕಡಿಮೆಯಾಗಿತ್ತು ಎಂದಳು. ಕಡಿಮೆಯಾಗಿತ್ತು, ನಿಜ.

ಎಡಗಣ್ಣಿನಲ್ಲೂ ಬಣ್ಣ ಬರುವ ಸಾಧ್ಯತೆ ಇನ್ನೂ ಉಂಟು ಎಂದು ಕಣ್ಣಿನ ಡಾಕ್ಟರು ಮೊನ್ನೆ ಹೇಳಿದರು. ಬರಲಿ. ಬೇಡ ಎನ್ನುವಷ್ಟು ಅಹಂಕಾರ ನನಗೆ ಉಳಿದಿಲ್ಲ. ಆದರೆ ಅದು ಪೂರ್ತಿ ಗುಣವಾಗುವ ಮೊದಲು ಕಾರ್ಕಳಕ್ಕೆ ಇನ್ನೂ ಒಂದೆರಡು ಸಲ ಹೋಗಿ ಬರಬೇಕು.